ಆಲಮಟ್ಟಿ ತೋಟದ ಹಿಂದಿನ ನೀರು

ಭಾಗ 1/9 · ಗೋಡೆಯ ಆಚೆ

ಶಿರೂರು, ಕಮತಗಿ, ಅಮೀನಗಡ, ಹುನಗುಂದ, ಇಳಕಲ್ಲ ಕಡೆಯವರಿಗೆ ಆಲಮಟ್ಟಿ ಹೊಸದಲ್ಲ. ಶಾಲೆ ಟ್ರಿಪ್ ಅಂದ್ರೆ ಆಲಮಟ್ಟಿ, ಬೀಗರು ಬಂದ್ರೆ ಆಲಮಟ್ಟಿ, ಮದುವೆಗೆ ಮುಂಚಿನ ಫೋಟೊಶೂಟ್ ಅಂದ್ರೂ ಆಲಮಟ್ಟಿ. ರಾಕ್ ಗಾರ್ಡನ್‌ನಲ್ಲಿ ಕಲ್ಲಿನ ಪ್ರಾಣಿಗಳ ಹೆಗಲ ಮೇಲೆ ಮಕ್ಕಳನ್ನ ಕೂಡಿಸಿ ಫೋಟೊ, ಸಂಜೆಗೆ ಸಂಗೀತ ಕಾರಂಜಿ, ನಡುವೆ ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ನಿಮ್ಮ ಫೋನಿನಲ್ಲೂ ಅಂಥ ನಾಲ್ಕು ಫೋಟೊ ಇರ್ತವೆ, ನೋಡ್ರಿ.

ಆ ಫೋಟೊಗಳಲ್ಲಿ ನಿಮ್ಮ ಬೆನ್ನ ಹಿಂದೆ ಏನಿದೆ ಅಂತ ಒಮ್ಮೆ ಗಮನಿಸಿ. ತೋಟದ ಮೇಲ್ಗಡೆ ಉದ್ದಕ್ಕೆ ಒಂದು ಗೋಡೆ. ಒಂದೂವರೆ ಕಿಲೋಮೀಟರಿಗೂ ಉದ್ದ, 26 ಗೇಟು. ಗೋಡೆಯ ಆಚೆಗೆ ನೀರು. ಸರ್ಕಾರಿ ಕಾಗದದಲ್ಲಿ ಅದರ ಹೆಸರು ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರ. ನಮ್ಮ ಬಾಯಲ್ಲಿ ಬರೀ 'ಹಿನ್ನೀರು'.

ಸಾಮಾನ್ಯವಾಗಿ ಮನರಂಜನಾ ಪಾರ್ಕಿನಲ್ಲಿ ಕೆರೆ ಇದ್ರೆ ಅದನ್ನ ಪಾರ್ಕಿಗಾಗಿಯೇ ಅಗೆದಿರ್ತಾರೆ. ಅಮೆರಿಕದ ಫ್ಲಾರಿಡಾದಲ್ಲಿ 1971ರಲ್ಲಿ ತೆರೆದ ಡಿಸ್ನಿ ಪಾರ್ಕಿನ ಎದುರಿಗಿರೋ ದೊಡ್ಡ ಕೊಳ ಮನುಷ್ಯರು ಅಗೆದದ್ದು. ಅಗೆದ ಮಣ್ಣನ್ನೇ ಪಾರ್ಕಿನ ನೆಲ ಎತ್ತರಿಸೋಕೆ ಹಾಕಿದ್ರು. ಅಲ್ಲಿ ಕೆರೆ ಅನ್ನೋದು ಪಾರ್ಕಿನ ಅಲಂಕಾರ.

ಆಲಮಟ್ಟಿಯಲ್ಲಿ ಲೆಕ್ಕ ತಿರುಗುಮುರುಗು. ಮೊದಲು ನೀರು, ಆಮೇಲೆ ತೋಟ. ಮತ್ತು ಆ ನೀರು ಖಾಲಿ ಜಾಗದಲ್ಲಿ ನಿಂತಿಲ್ಲ. ಊರುಗಳ ಮೇಲೆ, ಹೊಲಗಳ ಮೇಲೆ, ಒಂದು ದೊಡ್ಡ ಪಟ್ಟಣದ ಓಣಿಗಳ ಮೇಲೆ ನಿಂತಿದೆ.

ಈ ಒಂಬತ್ತು ಪೋಸ್ಟ್ ಆ ನೀರಿನ ಚರಿತ್ರೆ. ಬೈಯೋಕೂ ಅಲ್ಲ, ಹೊಗಳೋಕೂ ಅಲ್ಲ. ಯಾಕೆ ನಿಲ್ಲಿಸಿದ್ರು, ಎಲ್ಲಿವರೆಗೆ ಬಂತು, ಇನ್ನೆಷ್ಟು ಏರಬಹುದು ಅಂತ ಗೊತ್ತಿರಲಿ ಅಂತ. ಯಾಕಂದ್ರೆ ಈ ಕತೆ ಇನ್ನೂ ಮುಗಿದಿಲ್ಲ.

—

ಭಾಗ 2/9 · ಬರದ ನೆಲಕ್ಕೆ ನೀರಿನ ಆಸೆ

ಡ್ಯಾಮಿನ ಕತೆ ಸಿಮೆಂಟಿನಿಂದ ಶುರುವಾಗೋದಿಲ್ಲ, ಬರದಿಂದ ಶುರುವಾಗುತ್ತೆ.

ನಮ್ಮ ಸೀಮೆ ಮಳೆಯ ನೆರಳಿನ ಸೀಮೆ. ಪಶ್ಚಿಮ ಘಟ್ಟದಲ್ಲಿ ಮಳೆ ಸುರಿಸಿ ಸುಸ್ತಾದ ಮೋಡ ಇಲ್ಲಿಗೆ ಬರೋ ಹೊತ್ತಿಗೆ ಬರಿಗೈ. ಆದ್ರೆ ಅದೇ ಘಟ್ಟದ ಮಳೆನೀರು ಹೊತ್ತ ನದಿಗಳು ನಮ್ಮ ಹೊಲದ ಪಕ್ಕದಲ್ಲೇ ಹಾಯ್ದು ಹೋಗ್ತವೆ. ಕೃಷ್ಣಾ ಮಹಾರಾಷ್ಟ್ರದ ಮಹಾಬಳೇಶ್ವರದಿಂದ ಬರ್ತಾಳೆ. ಘಟಪ್ರಭಾ, ಮಲಪ್ರಭಾ ಬೆಳಗಾವಿ ಕಡೆಯ ಘಟ್ಟದ ನೀರು ತರ್ತಾವೆ. ಕಣ್ಣೆದುರಿಗೆ ಹೊಳೆ, ಹೊಲದಲ್ಲಿ ಬಿರುಕು. ನೂರಾರು ವರ್ಷ ನಮ್ಮ ಹಿರಿಯರು ನೋಡಿದ್ದು ಇದನ್ನೇ.

18ನೇ ಶತಮಾನದ ಕೊನೆಗೆ ಬಂದ ಬರಕ್ಕೆ ಜನ 'ಡೋಗಿ ಬರ' ಅಂತ ಹೆಸರಿಟ್ರು. ಸತ್ತವರನ್ನ ಹೂಳೋಕೂ ಸುಡೋಕೂ ಮಂದಿ ಇಲ್ಲದೆ ತಲೆಬುರುಡೆಗಳು ಹಾದಿಬೀದಿಯಲ್ಲಿ ಬಿದ್ದಿದ್ವಂತೆ, ಅದಕ್ಕೆ ಆ ಹೆಸರು. ಮುಂದೆ 1876ರಿಂದ 1878ರವರೆಗಿನ ಮಹಾಬರ. ಆಗ ಈಗಿನ ಬಾಗಲಕೋಟೆ, ವಿಜಯಪುರ ಎರಡೂ ಸೇರಿದ ಜಿಲ್ಲೆಗೆ ಕಲಾದಗಿ ಕೇಂದ್ರ. 1885ರಲ್ಲಷ್ಟೇ ಅದು ಬಿಜಾಪುರಕ್ಕೆ ಹೋಯ್ತು. 1872ರ ಜನಗಣತಿಯಲ್ಲಿ ಆ ಜಿಲ್ಲೆಯಲ್ಲಿ ಸುಮಾರು 8.16 ಲಕ್ಷ ಜನ. 1881ಕ್ಕೆ ಸುಮಾರು 6.38 ಲಕ್ಷ. ಒಂಬತ್ತು ವರ್ಷದಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಕಡಿಮೆಯಾದ್ರು. ಕೆಲವರು ಸತ್ತರು, ಕೆಲವರು ಗುಳೆ ಹೋದ್ರು.

ಈ ಅಂಕಿ ಯಾಕೆ ಹೇಳಿದೆ ಅಂದ್ರೆ, ಡ್ಯಾಮ್ ಬೇಕು ಅಂದವರು ದುಷ್ಟರಲ್ಲ, ಡ್ಯಾಮಿನ ಕನಸು ಸುಳ್ಳೂ ಅಲ್ಲ. ಹೊಳೆ ದಂಡೆಯಲ್ಲಿ ಕೂತು ನೀರಿಲ್ಲದೆ ಸತ್ತ ಸೀಮೆಗೆ ನೀರು ಹಿಡಿದಿಟ್ಟುಕೊಳ್ಳೋ ಆಸೆ ಹುಟ್ಟಿದ್ದು ಸಹಜ. ಆಲಮಟ್ಟಿಯ ಇತಿಹಾಸ ಓದುವಾಗ ಒಂದು ಕೈಯಲ್ಲಿ ಈ ಬರ ಇರಬೇಕು, ಇನ್ನೊಂದು ಕೈಯಲ್ಲಿ ಮುಳುಗಡೆ. ಒಂದನ್ನೇ ಹಿಡಿದ್ರೆ ಕತೆ ಅರ್ಧ.

—

ಭಾಗ 3/9 · ಒಂದು ಅಡಿಗಲ್ಲು, ನಲವತ್ತೆರಡು ವರ್ಷ

ಆಲಮಟ್ಟಿಗೆ ಅಡಿಗಲ್ಲು ಬಿದ್ದಿದ್ದು 1964ರ ಮೇ 22ಕ್ಕೆ. ಇಟ್ಟವರು ಲಾಲ್ ಬಹದ್ದೂರ್ ಶಾಸ್ತ್ರಿ. ಆಗ ಅವರು ಇನ್ನೂ ಪ್ರಧಾನಿ ಅಲ್ಲ, ನೆಹರೂ ಸಂಪುಟದಲ್ಲಿ ಮಂತ್ರಿ. ಐದು ದಿನ ಕಳೆದು, ಮೇ 27ಕ್ಕೆ ನೆಹರೂ ತೀರಿಕೊಂಡ್ರು. ಜೂನ್ 9ಕ್ಕೆ ಶಾಸ್ತ್ರಿ ಪ್ರಧಾನಿಯಾದ್ರು. ಜಲಾಶಯಕ್ಕೆ ಅವರದೇ ಹೆಸರು.

ಕೆಲಸ ಮುಗಿದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಬಂದು ಲೋಕಾರ್ಪಣೆ ಮಾಡಿದ್ದು 2006ರ ಆಗಸ್ಟ್ 21ಕ್ಕೆ. ನಡುವೆ 42 ವರ್ಷ. ಅಡಿಗಲ್ಲಿನ ದಿನ ಹುಟ್ಟಿದ ಕೂಸಿಗೆ ಅಷ್ಟೊತ್ತಿಗೆ ಮೊಮ್ಮಕ್ಕಳಾಗಿರಬಹುದು.

ಇಷ್ಟು ತಡ ಯಾಕೆ? ಮೊದಲನೇದು, ನೀರು ಯಾರದು ಅನ್ನೋ ಜಗಳ. 1969ರಲ್ಲಿ ಬಚಾವತ್ ನ್ಯಾಯಮಂಡಳಿ ಕೂತಿತು. 1973ರಲ್ಲಿ ತೀರ್ಪು, 1976ರಲ್ಲಿ ಅಂತಿಮ ರೂಪ. ಮಹಾರಾಷ್ಟ್ರ, ಕರ್ನಾಟಕ, ಆಂಧ್ರಕ್ಕೆ ಪಾಲು ಹಂಚಿಕೆಯಾಯ್ತು, ನಮಗೆ 700 ಟಿಎಂಸಿ. ಎರಡನೇದು ದುಡ್ಡು. ಕೆಳಗಿನ ನಾರಾಯಣಪುರ ಡ್ಯಾಮ್ 1982ಕ್ಕೆ ಮುಗೀತು, ಆಲಮಟ್ಟಿ ತೆವಳ್ತಾ ಬಂತು. ವಿಶ್ವಬ್ಯಾಂಕ್ ಸಾಲ ಬಂತು, ಆದ್ರೆ 1990ರ ದಶಕದಲ್ಲಿ ಪುನರ್ವಸತಿ ಸರಿಯಾಗಿ ನಡೀತಿಲ್ಲ ಅಂತ ಅದೇ ಬ್ಯಾಂಕ್ ಹಣ ಬಿಡೋದನ್ನ ತಡೆಹಿಡಿದಿತ್ತು. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿದ ಮೇಲೆ ಕೆಲಸಕ್ಕೆ ವೇಗ.

ಮೂರನೇದು ಎತ್ತರ. ಕರ್ನಾಟಕಕ್ಕೆ ಬೇಕಿದ್ದಿದ್ದು 524.256 ಮೀಟರ್. ಆಂಧ್ರ ಬೇಡ ಅಂತು. 2000ದ ಏಪ್ರಿಲ್ 25ಕ್ಕೆ ಸುಪ್ರೀಂ ಕೋರ್ಟ್ ಸದ್ಯಕ್ಕೆ 519.60 ಮೀಟರ್‌ವರೆಗೆ ನಿಲ್ಲಿಸಬಹುದು, ಅದರ ಮೇಲಿನ ಮಾತು ಮುಂದಿನ ನ್ಯಾಯಮಂಡಳಿಗೆ ಬಿಟ್ಟಿದ್ದು ಅಂತು.

ಈ ಎರಡು ಸಂಖ್ಯೆ ನೆನಪಿಡಿ. 519.60 ಮತ್ತು 524.256. ಇವು ಡ್ಯಾಮಿನ ಆಳ ಅಲ್ಲ, ಸಮುದ್ರಮಟ್ಟದಿಂದ ನೀರಿನ ಎತ್ತರ. ದೆಹಲಿಯಲ್ಲಿ ಬರೆದ ಈ ಅಂಕಿಗಳೇ ಬಾಗಲಕೋಟೆಯಲ್ಲಿ ಯಾರ ಮನೆ ಉಳೀತು, ಯಾರದು ಹೋಯ್ತು ಅಂತ ತೀರ್ಮಾನಿಸಿದ್ವು.

—

ಭಾಗ 4/9 · ಕೃಷ್ಣೆ ನಿಂತ್ರೆ ಘಟಪ್ರಭೆ ಯಾಕೆ ಏರ್ತಾಳೆ?

ಹೊರಗಿನವರು ಕೇಳೋ ಪ್ರಶ್ನೆ ಇದು. ಡ್ಯಾಮ್ ಕಟ್ಟಿದ್ದು ಕೃಷ್ಣಾ ನದಿಗೆ. ಬಾಗಲಕೋಟೆ ಇರೋದು ಘಟಪ್ರಭಾ ದಂಡೆಗೆ. ಹಾಗಾದ್ರೆ ಬಾಗಲಕೋಟೆ ಹೇಗೆ ಮುಳುಗೀತು?

ನಕ್ಷೆ ತೆಗೀರಿ. ನಮ್ಮ ಜಿಲ್ಲೆಯಲ್ಲಿ ಎರಡು ಸಂಗಮ. ಘಟಪ್ರಭಾ ಕೃಷ್ಣೆಯನ್ನ ಸೇರೋದು ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ. ಮಲಪ್ರಭಾ ಸೇರೋದು ಕೂಡಲಸಂಗಮದಲ್ಲಿ. ಆಲಮಟ್ಟಿ ಇರೋದು ಇವೆರಡರ ನಡುವೆ, ಚಿಕ್ಕಸಂಗಮದ ಕೆಳಗೆ, ಕೂಡಲಸಂಗಮದ ಮೇಲೆ. ಅಂದ್ರೆ ಆಲಮಟ್ಟಿ ಗೋಡೆ ಹಿಡಿಯೋದು ಕೃಷ್ಣೆ, ಘಟಪ್ರಭೆ ಎರಡೂ ಸೇರಿದ ನೀರನ್ನ.

ಈಗ ಮನೆಯ ಗಟಾರ ನೆನಪಿಸಿಕೊಳ್ಳಿ. ಮುಂದೆ ಕಸ ಸಿಕ್ಕಿಕೊಂಡ್ರೆ ನೀರು ಹಿಂದೆ ಸರಿದು, ಅದಕ್ಕೆ ಬಂದು ಸೇರೋ ಎಲ್ಲಾ ಸಣ್ಣ ಗಟಾರದಲ್ಲೂ ಏರುತ್ತೆ. ನಿಂತ ನೀರು ಮಟ್ಟ ನೋಡುತ್ತೆ, ನದಿ ಹೆಸರು ನೋಡೋದಿಲ್ಲ. 519.60 ಮೀಟರಿಗಿಂತ ಕೆಳಗಿರೋ ನೆಲ ಎಲ್ಲೆಲ್ಲಿ ಇದೆಯೋ, ಸಂಪರ್ಕ ಇದ್ರೆ ಸಾಕು, ಅಲ್ಲಿಗೆ ಬರುತ್ತೆ. ಕೃಷ್ಣಾ ಕಣಿವೆಯಲ್ಲಿ ಒಂದು ತೋಳು, ಘಟಪ್ರಭಾ ಕಣಿವೆಯಲ್ಲಿ ಇನ್ನೊಂದು ತೋಳು. ಮೇಲಿಂದ ನೋಡಿದ್ರೆ ಜಲಾಶಯ ಎರಡು ಕೈ ಚಾಚಿ ಮಲಗಿದಂಗ ಕಾಣುತ್ತೆ. ಎರಡನೇ ಕೈ ಬಂದು ಮುಟ್ಟಿದ್ದು ಬಾಗಲಕೋಟೆಯನ್ನ.

ತುಂಬಿದಾಗ ಅದರಲ್ಲಿ ಸುಮಾರು 123 ಟಿಎಂಸಿ ನೀರು. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ, ಲೀಟರ್‌ನಲ್ಲಿ ಹೇಳೋದಾದ್ರೆ ಸುಮಾರು 2,830 ಕೋಟಿ. ಪೇಪರಿನಲ್ಲಿ ಬರೋ 'ಒಳಹರಿವು, ಹೊರಹರಿವು' ಕ್ಯೂಸೆಕ್ ಲೆಕ್ಕ. ಸೆಕೆಂಡಿಗೆ 11,574 ಘನ ಅಡಿಯಂತೆ ಒಂದು ದಿನ ಪೂರ್ತಿ ಹರಿದ್ರೆ ಒಂದು ಟಿಎಂಸಿ. ಇಷ್ಟು ಗೊತ್ತಿದ್ರೆ ಮಳೆಗಾಲದಲ್ಲಿ ಪೇಪರಿನ ಆ ಸಣ್ಣ ಡಬ್ಬಿಯನ್ನ ನೀವೇ ಓದಬಹುದು. ನಾಳೆ ನೀರು ಏರುತ್ತೋ ಇಳಿಯುತ್ತೋ ಅಂತ ಹೇಳಬಹುದು. ಹಿನ್ನೀರಿನ ದಂಡೆಯ ರೈತರು ದಿನಾ ಮಾಡೋದು ಇದನ್ನೇ.

—

ಭಾಗ 5/9 · ಓಣಿ

ಬಾಗಲಕೋಟೆಗೆ ಹಳೇ ಹೆಸರು ಬಾಗಡಿಗೆ. ಘಟಪ್ರಭೆಯ ದಂಡೆಯ ವ್ಯಾಪಾರದ ಊರು. 1884ರಲ್ಲಿ ಹೋಟಗಿ–ಗದಗ ಮೀಟರ್‌ಗೇಜ್ ರೈಲು ಬಂದ ಮೇಲೆ ಹತ್ತಿ, ಕಾಳು, ಬಟ್ಟೆ ಎಲ್ಲಾ ಇಲ್ಲಿಂದ ಸೋಲಾಪುರದ ಕಡೆಗೂ ಹುಬ್ಬಳ್ಳಿಯ ಕಡೆಗೂ ಓಡಾಡೋಕೆ ಶುರು. ಸುತ್ತ ಗುಳೇದಗುಡ್ಡದ ಖಣ, ಇಳಕಲ್ಲ ಸೀರೆ, ಕಮತಗಿಯ ಮಗ್ಗ. 1906ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಶುರುವಾಗಿ ಊರಿಗೆ ಶಾಲೆ, ಕಾಲೇಜು ಬಂದ್ವು.

ಹಳೇ ಊರು ಅಂದ್ರೆ ಪೇಟೆಗಳು. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ. ಇಕ್ಕಟ್ಟಾದ ಓಣಿ, ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಬಾಗಿಲ ಮುಂದೆ ಕಟ್ಟೆ. ಬೇಸಿಗೆಯಲ್ಲಿ ಹೊರಗೆ ಬೆಂಕಿ ಸುರೀತಿದ್ರೂ ಪಡಸಾಲೆ ತಂಪು. ರಾತ್ರಿ ಮಾಳಿಗೆ ಮೇಲೆ ಹಾಸಿಗೆ. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಮಾತು, ಸಾರು, ಜಗಳ, ಹೆಣ್ಣು-ಗಂಡಿನ ಸಂಬಂಧ, ಎಲ್ಲಾ ದಾಟ್ತಿತ್ತು.

ಈ ಊರನ್ನ ನೋಡಬೇಕು ಅಂದ್ರೆ ಹೋಳಿಗೆ ಬರಬೇಕು. ಬಾಗಲಕೋಟೆ ಹೋಳಿ ಕರ್ನಾಟಕಕ್ಕೆಲ್ಲ ಹೆಸರುವಾಸಿ. ಕಾಮದಹನಕ್ಕೆ ಮುಂಚಿನಿಂದಲೇ ಹಲಗಿ ಸಪ್ಪಳ. ಆಮೇಲೆ ಬಣ್ಣದ ಬಂಡಿಗಳು. ಪೀಪಾಯಿಗಟ್ಟಲೆ ಬಣ್ಣ ತುಂಬಿಕೊಂಡು, ಒಂದೊಂದು ಪೇಟೆಯವರು ಸರದಿ ಪ್ರಕಾರ ಹೊರಡ್ತಾರೆ. ಹಬ್ಬದ ಕಟ್ಟು ನಿಂತಿರೋದೇ ಪೇಟೆಗಳ ಮೇಲೆ. ನೀನು ಯಾವ ಪೇಟೆಯವನು ಅನ್ನೋದರ ಮೇಲೆ ನಿನ್ನ ಬಂಡಿ, ನಿನ್ನ ದಿನ.

ಹಿನ್ನೀರು ಈ ಊರಿಗೆ ಒಂದೇ ರಾತ್ರಿ ನುಗ್ಗಲಿಲ್ಲ. ಮೊದಲು ಅಳತೆಯವರು ಬಂದ್ರು. ಆಮೇಲೆ ನೋಟಿಸು. ಆಮೇಲೆ ಪರಿಹಾರದ ಮಾತು, ಆಫೀಸಿನ ಸಾಲು. ಆಮೇಲೆ ತೊಲೆ, ಬಾಗಿಲು, ಕಿಟಕಿ ಕಿತ್ತು ಗಾಡಿಗೆ ಹೇರೋದು. ತಗ್ಗಿನ ಓಣಿ ಮೊದಲು, ದಿಬ್ಬದ ಓಣಿ ಆಮೇಲೆ. ಅಣ್ಣನ ಮನೆ ಹೋಗಿ ತಮ್ಮನದು ಉಳಿದ ಉದಾಹರಣೆಗಳೂ ಇವೆ, ಯಾಕಂದ್ರೆ ಗೆರೆ ಎಳೆದದ್ದು ಎತ್ತರದ ಲೆಕ್ಕದಲ್ಲಿ, ರಕ್ತಸಂಬಂಧದ ಲೆಕ್ಕದಲ್ಲಲ್ಲ.

ಇವತ್ತಿಗೂ ಹೋಳಿ ಬಂದ್ರೆ ನವನಗರಕ್ಕೆ ಹೋದವರು ಹಳೇ ಊರಿಗೆ ಇಳೀತಾರೆ. ಮನೆ ಹೋದ್ರೂ ಪೇಟೆ ಹೋಗಿಲ್ಲ.

—

ಭಾಗ 6/9 · ಸೆಕ್ಟರ್

ಮುಳುಗೋ ಪಟ್ಟಣಕ್ಕೆ ಬದಲಿ ಪಟ್ಟಣ ಬೇಕಲ್ಲ? ಅದಕ್ಕಂತಲೇ 1980ರ ದಶಕದಲ್ಲಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಮಾಡಿದ್ರು. ಹೊಸ ಊರಿನ ಯೋಜನೆ ಹಾಕಿಕೊಟ್ಟವರು ಸಣ್ಣವರಲ್ಲ. ಚಾರ್ಲ್ಸ್ ಕೊರಿಯಾ (1930–2015). ಅಹಮದಾಬಾದಿನ ಸಾಬರಮತಿ ಆಶ್ರಮದ ಗಾಂಧಿ ಸ್ಮಾರಕ ಸಂಗ್ರಹಾಲಯ ಕಟ್ಟಿದವರು, ನವಿ ಮುಂಬಯಿಯ ಯೋಜನೆಯಲ್ಲಿ ಮುಂದಾಳಾಗಿದ್ದವರು. ದೇಶದ ದೊಡ್ಡ ವಾಸ್ತುಶಿಲ್ಪಿಯೊಬ್ಬರು ನಮ್ಮ ನವನಗರದ ಹಾಳೆ ಮೇಲೆ ಪೆನ್ಸಿಲ್ ಇಟ್ಟಿದ್ರು ಅಂತ ನವನಗರದಲ್ಲೇ ಬೆಳೆದ ಎಷ್ಟೋ ಹುಡುಗರಿಗೆ ಗೊತ್ತಿಲ್ಲ.

ಹೊಸ ಊರಿಗೆ ಅಗಲ ರಸ್ತೆ ಬಂತು, ಚರಂಡಿ ಬಂತು, ಉದ್ಯಾನಕ್ಕೆ ಜಾಗ ಬಂತು. 1997ರ ಆಗಸ್ಟ್ 15ಕ್ಕೆ ಬಾಗಲಕೋಟೆ ಬೇರೆ ಜಿಲ್ಲೆಯಾದಾಗ ಜಿಲ್ಲಾ ಕಚೇರಿಗಳೂ ಇಲ್ಲೇ ಬಂದ್ವು. ಒಳ್ಳೇದು ಒಳ್ಳೇದೇ.

ಆದ್ರೆ ವಿಳಾಸ ಬದಲಾಯ್ತು. 'ಕಿಲ್ಲಾದಾಗ, ಗುಡಿ ಹಿಂದಿನ ಓಣಿ' ಅಂತಿದ್ದವರು 'ಸೆಕ್ಟರ್ ನಂಬರ್ ಇಷ್ಟು, ಪ್ಲಾಟ್ ನಂಬರ್ ಇಷ್ಟು' ಅನ್ನೋಕೆ ಕಲಿತ್ರು. ಪಕ್ಕದ ಮನೆಯವರು ಪಕ್ಕದಲ್ಲೇ ಬರಲಿಲ್ಲ. ಸ್ವಂತ ಮನೆ ಇದ್ದವರಿಗೆ ಪರಿಹಾರ, ನಿವೇಶನ. ಬಾಡಿಗೆಗೆ ಇದ್ದವರಿಗೆ, ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡ್ತಿದ್ದವರಿಗೆ, ಓಣಿ ತಿರುವಿನಲ್ಲಿ ಚಹಾ ಮಾರ್ತಿದ್ದವರಿಗೆ ಹೋದದ್ದೇನು ಅಂತ ಬರೆಯೋಕೆ ಅರ್ಜಿಯಲ್ಲಿ ಕಾಲಂ ಸಿಗೋದು ಕಷ್ಟ.

ಈ ಕೆರೆ ನಮ್ಮ ಭಾಷೆಗೂ ಕೆಲವು ಮಾತು ಕೊಟ್ಟಿದೆ. ಹಿನ್ನೀರು. ಮುಳುಗಡೆ. ಸಂತ್ರಸ್ತ. ಯುಕೆಪಿ. ಪುನರ್ವಸತಿ ಕೇಂದ್ರ ಅನ್ನೋಕೆ 'ಆರ್‌ಸಿ'. 'ನಿಮ್ಮದು ಊರೋ ಆರ್‌ಸಿಯೋ?' ಅಂತ ಕೇಳಿದ್ರೆ ನಮ್ಮ ಜಿಲ್ಲೆಯಲ್ಲಿ ಯಾರಿಗೂ ವಿಚಿತ್ರ ಅನ್ನಿಸೋದಿಲ್ಲ. ಸರ್ಕಾರಿ ನೌಕರಿಯ ಅರ್ಜಿಯಲ್ಲೂ ಯೋಜನೆಯಿಂದ ನಿರಾಶ್ರಿತರಾದವರು ಅಂತ ಒಂದು ಕಾಲಂ ಇದೆ. ಅಜ್ಜನ ಹೊಲ ನೀರಿನಲ್ಲಿ, ಮೊಮ್ಮಗನ ಕೈಯಲ್ಲಿ ಅದರ ಸರ್ಟಿಫಿಕೇಟು.

ಪಟ್ಟಣದ್ದು ಹೀಗಾದ್ರೆ ಹಳ್ಳಿಗಳದ್ದು ಇನ್ನೂ ದೊಡ್ಡ ಪಟ್ಟಿ. ಕೃಷ್ಣೆಯ ಆಚೆ ದಂಡೆಯ ಕೊಲ್ಹಾರವನ್ನೇ ನೋಡಿ. ಗಡಿಗೆ ಮೊಸರಿಗೆ ಹೆಸರಾದ ಊರು. ಹೊಳೆದಂಡೆಯ ಹುಲ್ಲು ಮೇಯ್ದ ಎಮ್ಮೆಯ ಹಾಲಿನ ಮೊಸರು ಅಂತ ಹೊಗಳ್ತಿದ್ರು. ಹಳೇ ಕೊಲ್ಹಾರ ಮುಳುಗಿ ಹೊಸ ಕೊಲ್ಹಾರ ಮೇಲೆ ಬಂತು. ಮೊಸರು ಮಾರೋದು ನಿಂತಿಲ್ಲ. ಕೋರ್ತಿ–ಕೊಲ್ಹಾರ ಸೇತುವೆ ಮೇಲೆ ಬಸ್ಸಿನಲ್ಲಿ ಹೋಗುವಾಗ ಎರಡೂ ಕಡೆ ಕಾಣೋ ನೀರಿಗೆ 'ಎಷ್ಟು ಚಂದ' ಅಂತೀವಿ. ಚಂದ ಹೌದು. ಕೆಳಗೆ ಎಮ್ಮೆ ಮೇಯ್ತಿದ್ದ ದಂಡೆಯೂ ಹೌದು.

—

ಭಾಗ 7/9 · ದೇವರುಗಳ ಮುಳುಗಡೆ

ಮನುಷ್ಯರು ಎದ್ದು ಹೋಗಬಹುದು. ಗುಡಿಗಳು?

ಚಿಕ್ಕಸಂಗಮದ ಸಂಗಮೇಶ್ವರನ ಗುಡಿ ಹಿನ್ನೀರು ತುಂಬಿದಾಗ ನೀರಿಗೆ ಹೋಗುತ್ತೆ, ಬೇಸಿಗೆಯಲ್ಲಿ ಮಟ್ಟ ಇಳಿದ ಮೇಲೆ ಮತ್ತೆ ಹೊರಗೆ ಬರುತ್ತೆ. ವರ್ಷದಲ್ಲಿ ಕೆಲವು ತಿಂಗಳಷ್ಟೇ ಭಕ್ತರಿಗೆ ಸಿಗೋ ದೇವರು. ಕಲ್ಲಿಗೆ ಅಂಟಿದ ಕೆಸರು ನೋಡಿದ್ರೆ ನೀರು ಎಲ್ಲಿವರೆಗೆ ಬಂದಿತ್ತು ಅಂತ ತಿಳಿಯುತ್ತೆ.

ಕೂಡಲಸಂಗಮದ ಕತೆ ಬೇರೆ. ಅಲ್ಲಿಗೆ ಬರೋದು ಆಲಮಟ್ಟಿಯ ನೀರಲ್ಲ, ಅದಕ್ಕೂ ಕೆಳಗಿನ ನಾರಾಯಣಪುರ ಡ್ಯಾಮಿನ ಹಿನ್ನೀರು. ಬಸವಣ್ಣ ಐಕ್ಯನಾದ ಜಾಗ ಅದು, ಮುಳುಗಲಿ ಅಂತ ಬಿಡೋ ಹಾಗಿರಲಿಲ್ಲ. ಐಕ್ಯಮಂಟಪದ ಸುತ್ತ ದೊಡ್ಡ ಬಾವಿಯಂಥ ಗೋಡೆ ಕಟ್ಟಿದ್ರು. ಸುತ್ತ ನದಿ, ನಡುವೆ ಮೆಟ್ಟಿಲಿಳಿದು ಹೋಗೋ ಒಣ ನೆಲ. ನೀವು ಅಲ್ಲಿ ಕೆಳಗೆ ನಿಂತಾಗ ನಿಮ್ಮ ತಲೆಗಿಂತ ಎತ್ತರದಲ್ಲಿ ಗೋಡೆಯಾಚೆ ನೀರು ಇರುತ್ತೆ. ಯೋಚಿಸಿ, ಒಂದು ಜಾಗವನ್ನ ಉಳಿಸಲೇಬೇಕು ಅಂತ ಎಲ್ಲರೂ ಒಪ್ಪಿದ್ರೆ ಎಂಜಿನಿಯರಿಂಗ್‌ಗೆ ದಾರಿ ಸಿಗುತ್ತೆ.

ಇದು ನಮ್ಮ ಕಡೆಯ ಕತೆ ಅಷ್ಟೇ ಅಲ್ಲ. ಮೈಸೂರಿನ ಹತ್ತಿರ ಕನ್ನಂಬಾಡಿ ಕಟ್ಟೆ ಕಟ್ಟಿದಾಗ ಕನ್ನಂಬಾಡಿ ಅನ್ನೋ ಊರೇ ಮುಳುಗೀತು. ಅಲ್ಲಿನ ವೇಣುಗೋಪಾಲಸ್ವಾಮಿ ದೇವಸ್ಥಾನ ದಶಕಗಳ ಕಾಲ ನೀರಿನೊಳಗಿತ್ತು, ಬರಗಾಲದಲ್ಲಿ ಮಾತ್ರ ಕಾಣ್ತಿತ್ತು. ಈಗ ಅದನ್ನ ಕಲ್ಲು ಕಲ್ಲು ಬಿಚ್ಚಿ ತಂದು ಹಿನ್ನೀರಿನ ದಂಡೆಯಲ್ಲಿ ಮತ್ತೆ ಕಟ್ಟಿದ್ದಾರೆ. ಮಲೆನಾಡಿನಲ್ಲಿ ಲಿಂಗನಮಕ್ಕಿಯಿಂದ ಶರಾವತಿ ಕಣಿವೆ ಮುಳುಗೀತು. ಆ ನೋವನ್ನ ನಾ. ಡಿಸೋಜ ಕಾದಂಬರಿಯಾಗಿ ಬರೆದ್ರು. ಅವರ 'ದ್ವೀಪ' ಗಿರೀಶ್ ಕಾಸರವಳ್ಳಿಯವರ ಸಿನಿಮಾ ಆಯ್ತು. ಹಾಗಾಗಿ ಶರಾವತಿಯ ಮುಳುಗಡೆ ನಾಡಿಗೆಲ್ಲ ಗೊತ್ತು. ಕೃಷ್ಣಾ ತೀರದ ಮುಳುಗಡೆ ಬೆಂಗಳೂರಿನ ಮಂದಿಗೆ ಒಂದು ಸುದ್ದಿಯ ಸಾಲು ಅಷ್ಟೇ. ಅದನ್ನ ಹೇಳಬೇಕಾದವರು ನಾವೇ.

—

ಭಾಗ 8/9 · ಡ್ಯಾಮಿನ ಕೆಳಗೊಂದು ತೋಟ

ಈಗ ತೋಟಕ್ಕೆ ಬರೋಣ. ಡ್ಯಾಮಿನ ಕೆಳಗೆ ತೋಟ ಮಾಡೋ ಯೋಚನೆ ನಮ್ಮ ರಾಜ್ಯದಲ್ಲಿ ಮನೆಮಾತಾದದ್ದು ಕೆಆರ್‌ಎಸ್‌ನಿಂದ. ದಿವಾನ ಮಿರ್ಜಾ ಇಸ್ಮಾಯಿಲ್ ಮುತುವರ್ಜಿಯಲ್ಲಿ 1927ರಲ್ಲಿ ಶುರುವಾಗಿ 1932ಕ್ಕೆ ಮುಗಿದ ಬೃಂದಾವನ. ಕಾಶ್ಮೀರದ ಮೊಘಲ್ ತೋಟಗಳ ಮಾದರಿ, ಕಾರಂಜಿ, ನಡುವೆ ದೋಣಿ ಬಿಡೋ ಕೊಳ. ಸಿನಿಮಾದವರು ಅಲ್ಲಿ ಹಾಡಿನ ಮೇಲೆ ಹಾಡು ತೆಗೆದ್ರು. ಆಮೇಲೆ ಡ್ಯಾಮ್ ಅಂದ್ರೆ ಕೆಳಗೊಂದು ತೋಟ ಇರಲೇಬೇಕು ಅನ್ನೋ ಹಾಗಾಯ್ತು.

ಇದಕ್ಕೆ ಕಾರಣವೂ ಇದೆ. ಡ್ಯಾಮ್ ಕಟ್ಟುವಾಗ ಗೋಡೆಯ ಕೆಳಗಿನ ನೆಲ ಹೇಗೂ ಸರ್ಕಾರದ್ದಾಗಿರುತ್ತೆ. ಕಲ್ಲು ಒಡೆದು, ಮಣ್ಣು ತೆಗೆದು, ಯಂತ್ರ ನಿಲ್ಲಿಸಿ ಹಾಳಾಗಿರುತ್ತೆ. ಮೇಲೆ ಬೇಕಾದಷ್ಟು ನೀರು, ಇಳಿಜಾರಿನಲ್ಲಿ ತಾನಾಗಿ ಹರಿದು ಬರುತ್ತೆ. ಗಿಡ ಹಚ್ಚಿದ್ರೆ ಜಾಗಕ್ಕೂ ಮರ್ಯಾದೆ, ನೋಡೋಕೆ ಬಂದವರಿಗೂ ನೆರಳು. ಆಲಮಟ್ಟಿಯಲ್ಲೂ ಹಾಗೇ ಆಯ್ತು. ರಾಕ್ ಗಾರ್ಡನ್, ಮೊಘಲ್ ತೋಟ, ಲವ-ಕುಶ ಉದ್ಯಾನ, ಗೋಪಾಲಕೃಷ್ಣ ಉದ್ಯಾನ, ಸಂಗೀತ ಕಾರಂಜಿ. ಬಿಸಿಲ ಸೀಮೆಯ ಮಕ್ಕಳಿಗೆ ಇಷ್ಟು ಹಸಿರು, ಇಷ್ಟು ನೀರು ಒಂದೇ ಕಡೆ ಸಿಗೋದು ಸಣ್ಣ ಮಾತಲ್ಲ. ಮೈಸೂರಿಗೆ ಹೋಗೋಕಾಗದ ಮನೆಗಳಿಗೆ ಇದೇ ಬೃಂದಾವನ.

ಡ್ಯಾಮ್ ಕೊಟ್ಟದ್ದೂ ಸಣ್ಣದಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೊದಲ ಎರಡು ಹಂತ ಸೇರಿ 6.22 ಲಕ್ಷ ಹೆಕ್ಟೇರ್ ನೀರಾವರಿಯ ಲೆಕ್ಕ. ಆಲಮಟ್ಟಿಯಲ್ಲಿ ಕೂಡಿಟ್ಟ ನೀರು ನಾರಾಯಣಪುರಕ್ಕಿಳಿದು, ಅಲ್ಲಿಂದ ಕಾಲುವೆ ಹಿಡಿದು ಯಾದಗಿರಿ, ಕಲಬುರಗಿ, ರಾಯಚೂರಿನ ಹೊಲ ಸೇರುತ್ತೆ. ಇಳಿಯುವಾಗ ಕರೆಂಟು, ಒಟ್ಟು 290 ಮೆಗಾವಾಟ್ ಸಾಮರ್ಥ್ಯ. ಹಿನ್ನೀರು ಇಳಿದಾಗ ತೇಲಿಬರೋ ಕೆಸರು ದಂಡೆಗೆ ರಾಜಹಂಸಗಳು, ಪಟ್ಟೆತಲೆ ಹೆಬ್ಬಾತುಗಳು ಬರ್ತವೆ. ಹೆರಕಲ್, ಚಿಕ್ಕಸಂಗಮದ ಕಡೆ ಬೆಳಗ್ಗೆ ಕ್ಯಾಮೆರಾ ಹಿಡಿದು ಹೋಗಿ, ಸಿಗ್ತವೆ.

ಆದ್ರೆ ಲೆಕ್ಕವನ್ನ ನೇರ ನೋಡೋಣ. ಮುಳುಗಿದ ನೆಲದ ದೊಡ್ಡ ಪಾಲು ಬಾಗಲಕೋಟೆ, ವಿಜಯಪುರದ್ದು. ಕಾಲುವೆಯ ದೊಡ್ಡ ಪಾಲು ಕೆಳಗಿನ ಜಿಲ್ಲೆಗಳದ್ದು. ಅವರೂ ಬರದ ಸೀಮೆಯವರೇ, ಅವರ ಮೇಲೆ ಹೊಟ್ಟೆಕಿಚ್ಚು ಬೇಡ. ಕೊಟ್ಟವರು ಯಾರು ಅನ್ನೋದು ಮಾತ್ರ ಅವರಿಗೂ ಗೊತ್ತಿರಲಿ. ಪ್ರತಿ ವರ್ಷ ಡ್ಯಾಮ್ ತುಂಬಿದಾಗ ಮುಖ್ಯಮಂತ್ರಿಗಳು ಬಂದು ಕೃಷ್ಣೆಗೆ ಬಾಗಿನ ಬಿಡ್ತಾರೆ. ನದಿಗೆ ಬಾಗಿನ ಸರಿ. ಊರು ಬಿಟ್ಟವರ ಹೆಸರಿನ ಒಂದು ಕಲ್ಲು ಆ ತೋಟದ ಬಾಗಿಲಲ್ಲೇ ಇದ್ರೆ, ಮಕ್ಕಳು ದೋಣಿಯ ಟಿಕೆಟ್ ತಗೊಳ್ಳೋ ಮುಂಚೆ ಅದನ್ನೂ ಓದ್ತಿದ್ರು.

—

ಭಾಗ 9/9 · ಇನ್ನೂ ನಾಲ್ಕೂವರೆ ಮೀಟರ್

ಮೂರನೇ ಭಾಗದಲ್ಲಿ ನೆನಪಿಡಿ ಅಂದಿದ್ದ ಎರಡನೇ ಸಂಖ್ಯೆ, 524.256. ಈಗ ಅದಕ್ಕೆ ಬರೋಣ.

2010ರ ಡಿಸೆಂಬರ್ 30ಕ್ಕೆ ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ಕೃಷ್ಣಾ ನ್ಯಾಯಮಂಡಳಿ ಆಲಮಟ್ಟಿಯಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸೋಕೆ ಒಪ್ಪಿತು. 2013ರ ನವೆಂಬರ್‌ನಲ್ಲಿ ಅಂತಿಮ ವರದಿ ಕೊಡ್ತು. ಆದ್ರೆ ಪ್ರಕರಣ ಸುಪ್ರೀಂ ಕೋರ್ಟ್‌ನಲ್ಲಿದೆ, ತೀರ್ಪಿನ ಗೆಜೆಟ್ ಅಧಿಸೂಚನೆಗೆ 2011ರಿಂದ ತಡೆ ಬಿದ್ದಿದೆ. ಇನ್ನೊಂದು ಕಡೆ ಮಹಾರಾಷ್ಟ್ರ, ಎತ್ತರ ಹೆಚ್ಚಿಸಿದ್ರೆ ಸಾಂಗ್ಲಿ, ಕೊಲ್ಹಾಪುರಕ್ಕೆ ನೆರೆ ಅಂತ ತಕರಾರು ತೆಗೀತದೆ. 2019ರ ನೆರೆಯ ಮೇಲೆ ಅದೇ ಸರ್ಕಾರ ನೇಮಿಸಿದ ವಡನೇರೆ ಸಮಿತಿ ಮಾತ್ರ ಆ ನೆರೆಗೆ ಆಲಮಟ್ಟಿ ಕಾರಣ ಅಲ್ಲ ಅಂದಿತ್ತು.

519.60ರಿಂದ 524.256ಕ್ಕೆ 4.656 ಮೀಟರ್. ಕೇಳೋಕೆ ಒಂದೂವರೆ ಮಾಳಿಗೆ ಎತ್ತರ. ಆದ್ರೆ ನಮ್ಮ ನೆಲ ಸಪಾಟು. ಮಲೆನಾಡಿನ ಕಣಿವೆಯಲ್ಲಿ ಅಷ್ಟು ನೀರು ಏರಿದ್ರೆ ಗುಡ್ಡದ ಪಕ್ಕೆಗೆ ಏರುತ್ತೆ. ಇಲ್ಲಿ ಏರಿದ್ರೆ ಅಗಲಕ್ಕೆ ಹರಡುತ್ತೆ. ಸುಮಾರು 75 ಸಾವಿರ ಎಕರೆ ಹೊಸದಾಗಿ ಮುಳುಗೋ ಲೆಕ್ಕ. ಜೊತೆಗೆ ಹತ್ತಾರು ಹಳ್ಳಿ, ಹಳೇ ಬಾಗಲಕೋಟೆಯಲ್ಲಿ ಈಗ ಉಳಿದಿರೋ ಭಾಗದ ಬಹಳಷ್ಟು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ಪರಿಹಾರ ಅಂತ ತೀರ್ಮಾನಿಸಿತು. ಮೊದಲ ಹಂತದಲ್ಲಿ ಕಡಿಮೆ ದರಕ್ಕೆ ಬಿಟ್ಟುಕೊಟ್ಟವರು ಇದನ್ನ ಕೇಳಿ ಏನಂದುಕೊಂಡಿರಬಹುದು, ನೀವೇ ಊಹಿಸಿ.

ಇಲ್ಲಿ ಬದುಕೋರಿಗೆ ಕಷ್ಟ ಎರಡು ಥರ. ಮುಳುಗೋದು ಒಂದು. ಮುಳುಗುತ್ತೋ ಇಲ್ಲವೋ ಅಂತ ಕಾಯೋದು ಇನ್ನೊಂದು. ಮುಳುಗಡೆ ಪಟ್ಟಿಯಲ್ಲಿರೋ ಊರಿನಲ್ಲಿ ಸೋರೋ ಮಾಳಿಗೆ ರಿಪೇರಿ ಮಾಡಿಸಬೇಕೋ ಬೇಡವೋ? ಬೋರ್ ಹಾಕಿಸಬೇಕೋ ಬೇಡವೋ? ಮಗಳನ್ನ ಆ ಊರಿಗೆ ಕೊಡಬೇಕೋ ಬೇಡವೋ? ಶಾಲೆಗೆ ಹೊಸ ಕೋಣೆ ಕೇಳಿದ್ರೆ 'ಹೇಗೂ ಮುಳುಗ್ತದಲ್ಲ' ಅನ್ನೋ ಉತ್ತರ. ಹೀಗೆ ಕಾಯ್ತಾ ಒಂದು ತಲೆಮಾರು ಮುದುಕಾಗಿದೆ.

ಅದಕ್ಕೆ ನಿಮ್ಮಲ್ಲಿ ಒಂದು ಕೆಲಸ ಕೇಳ್ತೀನಿ. ಫೋಟೊ ಹಾಕೋ ಜಾಗ ಇದು, ಇಲ್ಲಿಗೆ ತಕ್ಕ ಕೆಲಸವೇ.

ನಿಮ್ಮ ಮನೆಯಲ್ಲಿ ಅಥವಾ ಬೀಗರ ಮನೆಯಲ್ಲಿ ಮುಳುಗಡೆ ಊರಿನವರು ಇದ್ದೇ ಇರ್ತಾರೆ. ಶಿರೂರಿನಂಥ, ನೀರು ಮುಟ್ಟದ ಊರಿನಲ್ಲೂ ಇರ್ತಾರೆ, ಸೊಸೆಯಾಗಿ ಬಂದವರು, ಅಂಗಡಿ ಹಾಕಿದವರು, ಮಾಸ್ತರರು. ಅವರ ಟ್ರಂಕಿನ ತಳದಲ್ಲಿ ಹಳೇ ಮನೆಯ ಮುಂದೆ ತೆಗೆಸಿದ ಮದುವೆ ಫೋಟೊ ಇರುತ್ತೆ. ಅದನ್ನ ನೆರಳಿನಲ್ಲಿಟ್ಟು, ಗ್ಲಾಸ್ ತೆಗೆದು, ಫೋನಿನಲ್ಲಿ ಚೆನ್ನಾಗಿ ತೆಗೀರಿ. ಹಿಂದೆ ಕಾಣೋ ಬಾಗಿಲು ಯಾವ ಓಣಿಯದು, ಕಟ್ಟೆ ಮೇಲೆ ಕೂತವರು ಯಾರು ಅಂತ ಕೇಳಿ ಬರೆದಿಡಿ. ಹೊಲದ ಹೆಸರು ಕೇಳಿ. ಸರ್ವೆ ನಂಬರ್ ಕಾಗದದಲ್ಲಿ ಉಳಿಯುತ್ತೆ, 'ಬೇವಿನಗಿಡದ ಹೊಲ', 'ದೊಡ್ಡ ಬಾವಿ ಹೊಲ' ಅನ್ನೋ ಹೆಸರು ಹೇಳೋರ ಜೊತೆಗೇ ಹೋಗುತ್ತೆ. ಹಳೇ ಬಾಗಲಕೋಟೆಯಲ್ಲಿ ಇನ್ನೂ ನಿಂತಿರೋ ಓಣಿಗಳಿದ್ರೆ ಈ ಹೋಳಿಗೆ ಬಣ್ಣದ ಜೊತೆಗೆ ಗೋಡೆಗಳ ಫೋಟೊನೂ ತೆಗೀರಿ.

ಮತ್ತೆ ಮುಂದಿನ ಸಲ ಆಲಮಟ್ಟಿಗೆ ಹೋದಾಗ ಮಕ್ಕಳನ್ನ ದೋಣಿಯಲ್ಲಿ ಕೂಡಿಸಿ, ಕಾರಂಜಿ ತೋರಿಸಿ, ರೊಟ್ಟಿ ಬುತ್ತಿ ಬಿಚ್ಚಿ. ಅವರು ಗೋಡೆಯಾಚೆಯ ನೀರು ತೋರಿಸಿ 'ಅದೇನು?' ಅಂದ್ರೆ ಊರುಗಳ ಹೆಸರು ಹೇಳಿ. ಒಂದೆರಡು ಹೆಸರು ಗೊತ್ತಿದ್ರೂ ಸಾಕು.

ನಿಮ್ಮ ಮನೆಯವರ ಊರು ಯಾವುದು? ಓಣಿ, ಪೇಟೆ, ಹೊಲದ ಹೆಸರು ಕೆಳಗೆ ಬರೀರಿ.

#ಆಲಮಟ್ಟಿ #ಬಾಗಲಕೋಟೆ #ಶಿರೂರು #ಹಿನ್ನೀರು #ಮುಳುಗಡೆ #ನಮ್ಮೂರಚರಿತ್ರೆ